ಚೆನ್ನಾಗಿದೆ, ಆದ್ರೆ...

ಅವರು ಮೊದಲು ಕುರ್ಚಿ ಎಳೆದುಕೊಳ್ಳುತ್ತಾರೆ. ನೀವು ಎದ್ದು ಕೊಟ್ಟ ಕುರ್ಚಿಯನ್ನಲ್ಲ, ಪಕ್ಕದ ಟೇಬಲ್ಲಿನದನ್ನು. ಆಮೇಲೆ ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸುತ್ತಾರೆ, ಬೆಳಕಿಗೆ ಹಿಡಿದು ನೋಡುತ್ತಾರೆ, ಸಮಾಧಾನವಾಗದೆ ಮತ್ತೆ ಒರೆಸುತ್ತಾರೆ. "ಹೇಗೆ ಆಡೋದು ಇದನ್ನ?" ಎಂದು ಕೇಳುತ್ತಾರೆ. ನೀವು ಬಾಯಿ ತೆರೆಯುವಷ್ಟರಲ್ಲಿ ಕೈ ಅಡ್ಡ ಹಿಡಿದು, "ಬೇಡ, ಹೇಳ್ಬೇಡಿ. ಆಡೋನಿಗೆ ತಾನಾಗೇ ಗೊತ್ತಾಗ್ಬೇಕು" ಎನ್ನುತ್ತಾರೆ. 40 ಸೆಕೆಂಡು ಆಡುತ್ತಾರೆ. ಅಷ್ಟರಲ್ಲಿ ಮೂರು ಸಲ ಸಾಯುತ್ತಾರೆ. ಬೆನ್ನು ಹಿಂದಕ್ಕೆ ಒರಗಿಸಿ, ಎರಡೂ ಕೈ ತಲೆಯ ಹಿಂದೆ ಹೆಣೆದು, ಸೂರಿನ ಫ್ಯಾನು ನೋಡುತ್ತಾ ಹೇಳುತ್ತಾರೆ: "ಚೆನ್ನಾಗಿದೆ."

ನೀವು ಎದ್ದು ಓಡಬೇಕಾದದ್ದು ಅಲ್ಲಿಯೇ. ಅದಕ್ಕೆ ಒಂದು ಉಸಿರಿನಷ್ಟು ಸಮಯ ಸಿಗುತ್ತದೆ. ಹೊಗಳಿದರಲ್ಲ ಎಂದು ಹಲ್ಲು ಕಿರಿಯುತ್ತಾ ನಿಂತಿರೋ, ಕೆಟ್ಟಿರಿ.

"ಆದ್ರೆ..."

ನಾವು ಅವರನ್ನು ಆದ್ರೆ ಸಾರ್ ಎಂದೇ ಕರೆಯುತ್ತೇವೆ, ಬೆನ್ನ ಹಿಂದೆ. ಅವರ ನಿಜವಾದ ಹೆಸರು ನಿಮಗೆ ಬೇಕಾಗಿಲ್ಲ. ಬೆಂಗಳೂರಿನಲ್ಲಿ ನಾಲ್ಕು ಜನ ಸೇರಿ ಏನನ್ನೇ ಮಾಡಿದರೂ ಇಂಥವರೊಬ್ಬರು ಅಲ್ಲಿರುತ್ತಾರೆ. ನಾಟಕ ಮುಗಿದ ಮೇಲೆ ಗ್ರೀನ್ ರೂಮಿನ ಬಾಗಿಲಲ್ಲಿ, ಗೃಹಪ್ರವೇಶದ ದಿನ ಮೆಟ್ಟಿಲಿನ ಎತ್ತರ ಅಳೆಯುತ್ತಾ, ಬಾಣಂತಿ ಕೋಣೆಯಲ್ಲಿ ಕೂಸಿನ ಮೂಗಿನ ಮೇಲೆ ಅಭಿಪ್ರಾಯ ಕೊಡುತ್ತಾ. ನಮ್ಮವರಿಗೆ ಸಿಕ್ಕ ಕ್ಷೇತ್ರ ಮಾತ್ರ ಸ್ವಲ್ಪ ಹೊಸದು. ಅವರು ಗೇಮ್ ಜ್ಯಾಮಿಗೆ ಬರುತ್ತಾರೆ.

ಗೇಮ್ ಜ್ಯಾಮ್ ಎಂದರೆ ಬ್ರೆಡ್ಡಿಗೆ ಹಚ್ಚುವ ಜ್ಯಾಮಲ್ಲ. ಸಿಲ್ಕ್ ಬೋರ್ಡ್ ಜಂಕ್ಷನ್ನಿನ ಜ್ಯಾಮೂ ಅಲ್ಲ, ಆದರೂ ಅದಕ್ಕೇ ಹತ್ತಿರ: ಒಂದಷ್ಟು ಜನ ಒಂದೇ ಜಾಗದಲ್ಲಿ ಸಿಕ್ಕಿಹಾಕಿಕೊಂಡು, ಮುಂದಕ್ಕೂ ಹೋಗಲಾಗದೆ ಹಿಂದಕ್ಕೂ ಬರಲಾಗದೆ ಎರಡು ದಿನ ಕಳೆಯುವುದು. ಶುಕ್ರವಾರ ಸಂಜೆ ಒಂದು ವಿಷಯ ಕೊಡುತ್ತಾರೆ. ಭಾನುವಾರ ಸಂಜೆಯೊಳಗೆ, 48 ಗಂಟೆಯಲ್ಲಿ, ಆ ವಿಷಯದ ಮೇಲೆ ಒಂದು ವೀಡಿಯೊ ಗೇಮ್ ಮಾಡಿ ಮುಗಿಸಬೇಕು. 2002ರಿಂದ ನಡೆದುಬಂದ ಲುಡಮ್ ಡೇರ್ ಎಂಬುದೊಂದಿದೆ. ಲ್ಯಾಟಿನ್ನಿನಲ್ಲಿ ಅದರ ಅರ್ಥ 'ಆಟ ಕೊಡುವುದು' ಎಂದಂತೆ. 2009ರಲ್ಲಿ ಗ್ಲೋಬಲ್ ಗೇಮ್ ಜ್ಯಾಮ್ ಶುರುವಾಯಿತು. ವರ್ಷದ ಮೊದಲಲ್ಲಿ ಜಗತ್ತಿನ ನೂರಾರು ಊರುಗಳಲ್ಲಿ ಒಂದೇ ವಿಷಯ ಹಿಡಿದು ಒಂದೇ ಹೊತ್ತಿಗೆ ಜನ ನಿದ್ದೆಗೆಡುತ್ತಾರೆ. ಬೆಂಗಳೂರಿನಲ್ಲೂ ಕೆಡುತ್ತಾರೆ. ಯಾರೂ ದುಡ್ಡು ಕೊಡುವುದಿಲ್ಲ. ಪಿಜ್ಜಾ ಕೊಡುತ್ತಾರೆ, ತಣ್ಣಗಿನದು.

ನನ್ನಂಥ ನಡುವಯಸ್ಸಿನವನಿಗೆ ಅಲ್ಲೇನು ಕೆಲಸ ಎಂದು ನನ್ನ ಹೆಂಡತಿಯೂ ಕೇಳಿದಳು. ನಾನು 18 ವರ್ಷದಿಂದ ಸಾಫ್ಟ್‌ವೇರ್ ಟೆಸ್ಟಿಂಗಿನಲ್ಲಿದ್ದೇನೆ. ಅಂದರೆ ಬೇರೆಯವರು ಮಾಡಿದ್ದರಲ್ಲಿ ತಪ್ಪು ಹುಡುಕುವುದಕ್ಕೇ ನನಗೆ ಸಂಬಳ. ಒಂದು ಸಲವಾದರೂ ನಾನೇ ಏನಾದರೂ ಮಾಡಬೇಕು ಎಂಬ ಚಪಲ ನಲವತ್ತು ದಾಟಿದ ಮೇಲೆ ಹತ್ತಿಕೊಂಡಿತು. ಕೆಲವರು ಆ ವಯಸ್ಸಿನಲ್ಲಿ ಬುಲೆಟ್ ಬೈಕು ಕೊಳ್ಳುತ್ತಾರೆ. ನಾನು ಇಂಜಿನಿಯರಿಂಗ್ ಎರಡನೇ ವರ್ಷದ ಒಬ್ಬ ಹುಡುಗನನ್ನೂ ಚಿತ್ರ ಬಿಡಿಸುವ ಒಬ್ಬ ಹುಡುಗಿಯನ್ನೂ ಜೊತೆಗೆ ಹಾಕಿಕೊಂಡು, ಅಥವಾ ಅವರೇ ನನ್ನನ್ನು ಪಾಪ ಎಂದು ಜೊತೆಗೆ ಹಾಕಿಕೊಂಡು, 2023ರ ಗ್ಲೋಬಲ್ ಗೇಮ್ ಜ್ಯಾಮಿಗೆ ಒಂದು ಕಾಲೇಜಿನ ಲ್ಯಾಬಿನಲ್ಲಿ ಹೋಗಿ ಕೂತೆ.

ಹುಡುಗ ಮೊದಲ ರಾತ್ರಿಯೇ ನನ್ನ ತಲೆ ಕೆಡಿಸಿದ. 2013ರ ಜ್ಯಾಮಿನಲ್ಲಿ ವಿಷಯವಾಗಿ ಬರೀ ಎದೆಬಡಿತದ ಸದ್ದು ಕೇಳಿಸಿದರಂತೆ. ಲಂಡನ್ನಿನ ನಾಲ್ಕಾರು ಜನ ನಡುಗುವ ಕೈಯಲ್ಲಿ ಹೃದಯದ ಆಪರೇಷನ್ ಮಾಡುವ ಆಟ ಮಾಡಿದರು. ಅದೇ ಮುಂದೆ 'ಸರ್ಜನ್ ಸಿಮ್ಯುಲೇಟರ್' ಎಂದು ಮಾರಾಟವಾಯಿತು. 2017ರಲ್ಲಿ ನಾರ್ಡಿಕ್ ಗೇಮ್ ಜ್ಯಾಮಿನಲ್ಲಿ ಫಿನ್ಲೆಂಡಿನ ಆರ್ವಿ ಟೈಕಾರಿ ಮಾಡಿದ ಪುಟ್ಟ ಆಟ 'ಬಾಬಾ ಈಸ್ ಯೂ' ಬಹುಮಾನ ಗೆದ್ದು ಎರಡು ವರ್ಷದ ಮೇಲೆ ದೊಡ್ಡ ಆಟವಾಯಿತು. (ಇದನ್ನು ಅಮ್ಮನಿಗೆ ಹೇಳಿದಾಗ "ಯಾವ ಬಾಬಾನೋ? ಶಿರಡಿಯವರಾ?" ಎಂದು ಕೈ ಮುಗಿದಳು.) 'ಸೆಲೆಸ್ಟ್' ಎಂಬ ಆಟದ ಮೊದಲ ರೂಪ ಇಬ್ಬರು ಸೇರಿ ನಾಲ್ಕು ದಿನದಲ್ಲಿ ಮಾಡಿದ್ದು. ಇದೆಲ್ಲ ಕೇಳಿ ನಾನು ರಾತ್ರಿ ಎರಡು ಗಂಟೆಯಲ್ಲಿ ಕೆಲಸ ಬಿಡುವ ರಾಜೀನಾಮೆ ಪತ್ರವನ್ನು ಮನಸ್ಸಿನಲ್ಲೇ ಬರೆದು, ಅದರಲ್ಲಿ ಎರಡು ತಪ್ಪು ಕಂಡುಹಿಡಿದು ತಿದ್ದಿದೆ.

ಆ ವರ್ಷದ ವಿಷಯ 'ರೂಟ್ಸ್'. ಬೇರು. ನಮ್ಮ ಆಟದಲ್ಲಿ ನೀವು ಒಂದು ಹೊಂಗೆ ಮರದ ಬೇರು. ಸಾವಿರ ಅಡಿ ಕೊರೆದರೂ ಬೋರ್‌ವೆಲ್ಲಿನಲ್ಲಿ ಧೂಳು ಬರುವ ಬೆಂಗಳೂರಿನ ಬಡಾವಣೆಯೊಂದರ ಫುಟ್‌ಪಾತಿನಡಿ ನೀರು ಹುಡುಕಿಕೊಂಡು ಹೋಗಬೇಕು. ಅಡ್ಡಕ್ಕೆ ಒಳಚರಂಡಿ ಪೈಪು, ಕರೆಂಟಿನ ಕೇಬಲ್ಲು, ಮೂರು ಕಂಪನಿಗಳು ಮೂರು ಸಲ ಅಗೆದು ಹೂತ ಇಂಟರ್ನೆಟ್ ಕೇಬಲ್ಲು, ಕಾಂಕ್ರೀಟು. ಕಾವೇರಿ ಪೈಪಿನ ಜಾಯಿಂಟಿನಲ್ಲಿ ಸೋರಿಕೆ ಸಿಕ್ಕರೆ ಒಂದು ಜೀವ ಹೆಚ್ಚುವರಿ. ಕೊನೆಗೆ ಯಾರೋ ಮುಚ್ಚಿಸಿದ ಹಳೇ ಬಾವಿ, ಅದರಲ್ಲಿ ನೀರು. ಶುಕ್ರವಾರ ರಾತ್ರಿಯ ಯೋಜನೆಯಂತೆ ಇದಕ್ಕೆ 12 ಲೆವೆಲ್ಲು, ಆರು ಋತು, ಮರದ ಮೇಲೊಂದು ಗುಬ್ಬಿ ಸಂಸಾರ. ಭಾನುವಾರ ಮಧ್ಯಾಹ್ನ ಎಣಿಸಿದಾಗ ಇದ್ದದ್ದು ಒಂದೂವರೆ ಲೆವೆಲ್ಲು. ಎರಡನೆಯದು ಅರ್ಧದಲ್ಲಿ ಕತ್ತಲಾಗಿ ನಿಲ್ಲುತ್ತಿತ್ತು. ಅದಕ್ಕೆ ಹುಡುಗಿ ಒಂದು ಬೋರ್ಡು ಬರೆದು ನೆಟ್ಟಳು: 'ಕಾಮಗಾರಿ ಪ್ರಗತಿಯಲ್ಲಿದೆ'. ಬೆಂಗಳೂರಿನ ಆಟವಾದ್ದರಿಂದ ಯಾರಿಗೂ ಅನುಮಾನ ಬರಲಿಲ್ಲ.

ಎರಡು ಕಷ್ಟಗಳು ಉಳಿದವು. ಒಂದು, ಬೇರು ಎಡಕ್ಕೆ ಹೋಗುತ್ತಾ ಹೋದರೆ ತೆರೆಯಿಂದಾಚೆ ಹೊರಟುಹೋಗುತ್ತಿತ್ತು, ಮತ್ತೆ ಬರುತ್ತಿರಲಿಲ್ಲ. "ಅದನ್ನ ಮುಟ್ಟಿದ್ರೆ ಇನ್ನೊಂದೇನೋ ಒಡೆಯುತ್ತೆ ಅಂಕಲ್" ಎಂದ ಹುಡುಗ, ಗಂಟೆ ನಾಲ್ಕಾಗಿತ್ತು. ಹಾಗಾಗಿ ಶುರುವಿನಲ್ಲೇ ದೊಡ್ಡದಾಗಿ 'ಬಲಕ್ಕೆ ಹೋಗಿ' ಎಂದು ಬರೆದೆವು. ಎರಡು, ಕನ್ನಡ. ನಾವು ಬಳಸಿದ್ದು ಗೊಡೋ ಎಂಬ ತಂತ್ರಾಂಶ, ನಾಟಕದಲ್ಲಿ ಇಬ್ಬರು ಕಾಯುತ್ತಲೇ ಇರುತ್ತಾರಲ್ಲ, ಆ ಗೊಡೋನ ಹೆಸರೇ ಅದಕ್ಕೆ. ಅದರ ಮೂರನೇ ಆವೃತ್ತಿಗೆ ನಮ್ಮ ಒತ್ತಕ್ಷರ ಜೋಡಿಸಲು ಬರುತ್ತಿರಲಿಲ್ಲ. ಒತ್ತು ಕೆಳಗೆ ಕೂರದೆ ಪಕ್ಕಕ್ಕೆ ಬಂದು ಪರಕೀಯನಂತೆ ನಿಲ್ಲುತ್ತಿತ್ತು. ಅಕ್ಷರ ಜೋಡಿಸಲು ಬರುವ ನಾಲ್ಕನೇ ಆವೃತ್ತಿ 2023ರ ಮಾರ್ಚಿನಲ್ಲಿ ಬಂತು, ನಮ್ಮ ಜ್ಯಾಮು ಮುಗಿದ ಮರುತಿಂಗಳು. ನಾವು ಕಾಯದೆ, ಎಲ್ಲ ಕನ್ನಡ ಪದಗಳನ್ನೂ ಚಿತ್ರವಾಗಿ ಬರೆದು ಅಂಟಿಸಿದೆವು. ಎಲ್ಲ ಎಂದುಕೊಂಡೆವು. ಒಂದು ಮರೆತಿದ್ದೆವು.

ಭಾನುವಾರ ಸಂಜೆ ಐದೂವರೆಗೆ ಆದ್ರೆ ಸಾರ್ ಬಂದರು. ಅವರು ಯಾವ ತಂಡದಲ್ಲೂ ಇರುವುದಿಲ್ಲ. ಸಂಘಟಕರೂ ಅಲ್ಲ. ಪ್ರತಿ ವರ್ಷ ಬರುತ್ತಾರೆ, ಕೊರಳಲ್ಲಿ ಯಾವುದೋ ಬ್ಯಾಡ್ಜು ಇರುತ್ತದೆ, ಎಲ್ಲರೂ ಅವರನ್ನು ಇನ್ನೊಬ್ಬರು ಕರೆದಿದ್ದಾರೆ ಎಂದುಕೊಳ್ಳುತ್ತಾರೆ. ಐವತ್ತೈದರ ಆಸುಪಾಸು. ಕೈಯಲ್ಲಿ ಚಿಕ್ಕ ನೋಟ್‌ಬುಕ್ಕು.

ಕುರ್ಚಿ, ಕನ್ನಡಕ, ಎಲ್ಲ ಆಯಿತು. 'ಬಲಕ್ಕೆ ಹೋಗಿ' ಎಂಬ ಬೋರ್ಡನ್ನು ಗಟ್ಟಿಯಾಗಿ ಓದಿದರು. ಓದಿ ಎಡಕ್ಕೆ ಹೋದರು.

"ಇವ್ರೇ, ಬೇರು ಎಲ್ಹೋಯ್ತು?"

"ಸಾರ್, ಬಲಕ್ಕೆ ಹೋಗಿ ಅಂತ..."

"ಬರೆದಿದ್ದೀರಿ, ನೋಡಿದೆ. ಆದ್ರೆ ಎಡಕ್ಕೆ ಹೋಗ್ಬೇಡಿ ಅಂತ ಬರೆದಿಲ್ಲ."

ಇದು ವಾದವಾಗಿ ಎಷ್ಟು ಗಟ್ಟಿ ಎಂದು ನನಗಿಂತ ಚೆನ್ನಾಗಿ ಬಲ್ಲವರಿಲ್ಲ. ಆಫೀಸಿನಲ್ಲಿ ಇದೇ ಮಾತನ್ನು ಡೆವಲಪರುಗಳಿಗೆ ಹೇಳಿ ಅವರ ಶಾಪ ಹಾಕಿಸಿಕೊಂಡವನು ನಾನು. ಹಾಗಿದ್ದೂ ಆ ಕ್ಷಣ ಅವರ ನೋಟ್‌ಬುಕ್ಕನ್ನು ಒಳಚರಂಡಿ ಪೈಪಿಗೆ ಹಾಕಬೇಕೆನಿಸಿತು.

ಎರಡನೇ ಸಲ ಬಲಕ್ಕೆ ಹೋದರು. ಹೋಗಿ ನೇರ ಮೂಲೆಗೆ, ಇಡೀ ಆಟದಲ್ಲಿ ನಾವು ಚಿತ್ರ ಅಂಟಿಸಲು ಮರೆತ ಒಂದೇ ಒಂದು ಜಾಗಕ್ಕೆ, ಕಣ್ಣಿನ ಆಸ್ಪತ್ರೆಯವರಂತೆ ಬಗ್ಗಿ ನೋಡಿದರು. ಅಲ್ಲಿ 'ಮಣ್ಣು' ಎಂಬುದು ತುಂಡಾಗಿ, 'ಣ'ದ ಒತ್ತು ಅನಾಥವಾಗಿ, ಕೊಂಬು ಇನ್ನೆಲ್ಲೋ ಬಿದ್ದಿತ್ತು.

"ಮಣ್... ಣ... ಉ. ಇದೇನು, ಮಗು ಓದೋಕೆ ಕಲೀತಿದೆಯಾ?"

ಗೊಡೋ ಆವೃತ್ತಿಯ ಕಥೆ ಹೇಳಿದೆ. ಸಾವಧಾನವಾಗಿ ಕೇಳಿದರು. "ಅದು ಸರಿ. ಆದ್ರೆ ಆಡೋನಿಗೆ ನಿಮ್ಮ ಕಷ್ಟ ಯಾಕೆ ಹೇಳಿ? ಹೋಟೆಲಿಗೆ ಹೋದೋನಿಗೆ ಗ್ಯಾಸ್ ಮುಗಿದಿದ್ದು ಬೇಕಾ, ದೋಸೆ ಬೇಕಾ?"

ಅಲ್ಲಿಂದ ಮುಂದೆ ಮುಕ್ಕಾಲು ಗಂಟೆ. ನಾನು ಎಲ್ಲವನ್ನೂ ಬರೆಯಲಾರೆ, ರಕ್ತದೊತ್ತಡದ ಮಾತ್ರೆ ಶುರುವಾಗಿದೆ. ಕಾಯೋಟಿ ಟೈಮಿನ ಪ್ರಸಂಗ ಒಂದನ್ನು ಮಾತ್ರ ಬಿಡಲಾರೆ.

ಕಾರ್ಟೂನಿನಲ್ಲಿ ಓಡುವ ಹಕ್ಕಿಯ ಬೆನ್ನು ಹತ್ತಿದ ಕಾಯೋಟಿ ಬಂಡೆಯ ಅಂಚು ದಾಟಿ ಗಾಳಿಯಲ್ಲೇ ನಾಲ್ಕು ಹೆಜ್ಜೆ ಓಡಿ, ಕೆಳಗೆ ನೋಡಿದ ಮೇಲಷ್ಟೇ ಬೀಳುತ್ತದಲ್ಲ, ಆಟ ಮಾಡುವವರು ಅದರ ಹೆಸರನ್ನು ಒಂದು ಔದಾರ್ಯಕ್ಕೆ ಇಟ್ಟಿದ್ದಾರೆ. ಜಿಗಿಯುವ ಆಟದಲ್ಲಿ ಅಂಚು ದಾಟಿದ ಮೇಲೆ ಒಂದು ಚೂರು ತಡವಾಗಿ ಗುಂಡಿ ಒತ್ತಿದರೂ, ಹೋಗಲಿ ಪಾಪ ಎಂದು ಜಿಗಿಯಲು ಬಿಡುವುದು. 'ಸೆಲೆಸ್ಟ್' ಆಟದಲ್ಲಿ ಇದು ಸೆಕೆಂಡಿನ ಹತ್ತನೇ ಒಂದು ಭಾಗ. ಹೊರಟ ಬಸ್ಸಿಗೆ ನಮ್ಮ ಕಂಡಕ್ಟರು ಸಿಳ್ಳೆ ಹಾಕಿ ನಿಲ್ಲಿಸಿ, ಬೈಯುತ್ತಲೇ ಹತ್ತಿಸಿಕೊಳ್ಳುತ್ತಾನಲ್ಲ, ಹಾಗೆ. ಆಡುವವನಿಗೆ ಇದು ಗೊತ್ತೇ ಆಗುವುದಿಲ್ಲ. ಇಲ್ಲದಿದ್ದರೆ ಮಾತ್ರ 'ನಾನು ಒತ್ತಿದ್ದೆ, ಆಟವೇ ಮೋಸ' ಎಂದು ಸಿಟ್ಟಾಗುತ್ತಾನೆ. ಬಹಳ ಸುಂದರವಾದ ವಿಚಾರ. ಆದ್ರೆ ಸಾರ್ ಇದನ್ನು ಹತ್ತು ನಿಮಿಷ, ಎದ್ದು ನಿಂತು, ಲ್ಯಾಬಿನ ಕಿಟಕಿಯ ಕಟ್ಟೆಯನ್ನು ಬಂಡೆ ಮಾಡಿಕೊಂಡು ವಿವರಿಸಿದರು. ಕೊನೆಗೆ ಹೇಳಿದರು, "ನಿಮ್ಮ ಆಟದಲ್ಲಿ ಇದಿಲ್ಲ."

"ಸಾರ್, ನಮ್ಮ ಆಟದಲ್ಲಿ ಜಿಗಿಯೋದೇ ಇಲ್ಲ. ಅದು ಬೇರು."

"ಅದನ್ನೇ ನಾನೂ ಹೇಳ್ತಿರೋದು. ಯಾಕಿಲ್ಲ?"

ಹುಡುಗ ಎದ್ದು ಹೊರಗೆ ಹೋದ. ಹುಡುಗಿ ತಲೆ ಬಗ್ಗಿಸಿಕೊಂಡು ಬಹಳ ಹೊತ್ತು ಚಪ್ಪಲಿಯ ಪಟ್ಟಿ ಸರಿಮಾಡಿಕೊಂಡಳು.

ಆಮೇಲೆ ಜ್ಯೂಸು. ಗುಂಡಿ ಒತ್ತಿದರೆ ತೆರೆ ಸ್ವಲ್ಪ ನಡುಗುವುದು, ಧೂಳು ಹಾರುವುದು, ಟಪ್ಪೆಂದು ಸದ್ದಾಗುವುದು, ಇಂಥ ಸಣ್ಣ ಸಣ್ಣ ಸುಖಗಳಿಗೆ ಆಟದವರ ಭಾಷೆಯಲ್ಲಿ ಜ್ಯೂಸ್ ಎನ್ನುತ್ತಾರೆ. "ಜ್ಯೂಸ್ ಸಾಲ್ದು ಇವ್ರೇ, ಇನ್ನೂ ಬೇಕು" ಎಂದು ಅವರು ಹೇಳುವುದು ಆಗ ತಾನೇ ಒಳಗೆ ಬಂದ ಕಾಲೇಜಿನ ಸ್ವಯಂಸೇವಕನಿಗೆ ಕೇಳಿಸಿತು. ಐದು ನಿಮಿಷದಲ್ಲಿ ಕ್ಯಾಂಟೀನಿನಿಂದ ಎರಡು ಲೋಟ ಮೂಸಂಬಿ ರಸ ಬಂತು. ಸಾರ್ ಎರಡನ್ನೂ ಕುಡಿದರು. ಸಕ್ಕರೆ ಜಾಸ್ತಿಯಾಗಿದೆ ಎಂದು ಅವನಿಗೂ ಹೇಳಿಕಳಿಸಿದರು.

ಉಳಿದದ್ದನ್ನು ಪಟ್ಟಿಯಂತೆ ಕೇಳಿಬಿಡಿ: ಇದನ್ನು ಇಬ್ಬರು ಆಡುವ ಹಾಗೆ ಮಾಡಬೇಕು, ಎರಡು ಬೇರು ಹೊಡೆದಾಡಲಿ. ಖಳನಾಯಕ ಬೇಕು, ನೀಲಗಿರಿ ಮರವಾದರೂ ಆದೀತು. ಹಿನ್ನೆಲೆ ಕಥೆ ಬೇಕು. ಬೇರಿಗೆ ಒಂದು ಮುಖ ಬೇಕು. ಮತ್ತು ಎಲ್ಲದಕ್ಕೂ ಕಿರೀಟದಂತೆ: "ನಾನಾಗಿದ್ರೆ ಬೇರೇ ಇಡ್ತಿರ್ಲಿಲ್ಲ." ವಿಷಯವೇ ಬೇರು ಎಂದು ನಾವು ಮೂವರೂ ಒಟ್ಟಿಗೆ ಕೂಗಿದೆವು. "ಹೌದು. ಆದ್ರೆ ಎಲ್ಲರೂ ಅದನ್ನೇ ಮಾಡಿದ್ದಾರಲ್ಲ?" ಎಂದರು.

ಅವರ ಮೇಲೆ ನನ್ನ ತಕರಾರು ತಪ್ಪು ಹೇಳಿದರೆಂದಲ್ಲ. ತಪ್ಪು ಹೇಳುವವರಿಲ್ಲದಿದ್ದರೆ ನನ್ನ ಮನೆಯ ಒಲೆ ಉರಿಯುವುದಿಲ್ಲ. ಆದ್ರೆ ಸಾರ್ ಹೊಟ್ಟೆನೋವು ಎನ್ನುವುದಿಲ್ಲ, ಇಂಥ ಮಾತ್ರೆ ಬರೆದುಕೊಡಿ ಎನ್ನುತ್ತಾರೆ. ಎಲ್ಲಿ ಸಿಕ್ಕಿಕೊಂಡಿರಿ, ಎಲ್ಲಿ ಬೇಜಾರಾಯಿತು, ಯಾವಾಗ ಕೈ ಬೆವೆತಿತು, ಆಟ ಮಾಡಿದವನಿಗೆ ಬೇಕಾದದ್ದು ಅಷ್ಟೇ. ಮದ್ದು ಅವನು ಹುಡುಕಿಕೊಳ್ಳುತ್ತಾನೆ. ಇನ್ನು ಆಟ ಮಾಡಿದವನಿಗೂ ಒಂದು ಧರ್ಮವಿದೆ. ಬಾಯಿ ಮುಚ್ಚಿಕೊಂಡು ಆಡುವವನ ಕೈ ನೋಡಬೇಕು. ನಾನು ಅದನ್ನು ಪಾಲಿಸಿದೆನೇ? ಇಲ್ಲ. ಮುಕ್ಕಾಲು ಗಂಟೆಯೂ ಪಕ್ಕದಲ್ಲಿ ನಿಂತು "ಬಲಕ್ಕೆ ಸಾರ್, ಬಲಕ್ಕೆ, ಅಯ್ಯೋ ಕಾಂಕ್ರೀಟು" ಎಂದು ಗೂಡ್ಸ್ ಲಾರಿಯ ಕ್ಲೀನರನಂತೆ ಕಿರುಚುತ್ತಿದ್ದೆ.

ಬೇರೆಯವರೇನು ಕಡಿಮೆಯೇ? "ಸೂಪರ್ ಮಗಾ!" ಎಂದು ಬೆನ್ನು ತಟ್ಟಿ ಹೋದವರು ಹತ್ತಾರು ಮಂದಿ, ಅವರಲ್ಲಿ ಯಾರೂ ಆಟ ತೆರೆದಿರಲಿಲ್ಲ. ಇನ್ನು ಕೆಲವರದು ಮುಯ್ಯಿ ಲೆಕ್ಕ, ನಿಮ್ಮದನ್ನು ಆಡಿದ್ದೇನೆ, ಬಂದು ನಮ್ಮದನ್ನು ಆಡಿ. ಇದರಲ್ಲಿ ನಾಚಿಕೆಯೇನಿಲ್ಲ, ಲುಡಮ್ ಡೇರಿನಲ್ಲಿ ಇದೇ ಕಾನೂನು. ಹೊಸತನ, ಮೋಜು, ಚಿತ್ರ, ಸದ್ದು ಎಂದೆಲ್ಲ ವಿಂಗಡಿಸಿ ಅಂಕ ಕೊಡುತ್ತಾರೆ, ನಿಮ್ಮ ಆಟಕ್ಕೆ ಅಂಕ ಬರಬೇಕಾದರೆ ನೀವೂ ಪರರ ಆಟ ಆಡಿ ಅಂಕ ಕೊಡುತ್ತಿರಬೇಕು. ಮದುವೆಯಲ್ಲಿ ನಾವು ಹಾಕಿದ ಮುಯ್ಯಿ ನಮ್ಮ ಮನೆ ಮದುವೆಗೆ ಹಿಂದಿರುಗುವಂತೆ. ನನ್ನ ಭಾವಮೈದ ಫೋನಿನಲ್ಲಿ, "ಇದರಿಂದ ತಿಂಗಳಿಗೆ ಎಷ್ಟು ಬರುತ್ತೆ ಭಾವ?" ಎಂದು ಕೇಳಿದ. ಅದೂ ಒಂದು ಬಗೆಯ ಫೀಡ್‌ಬ್ಯಾಕು.

ಸೋಮವಾರ ಮನೆಯಲ್ಲಿ ಅಮ್ಮನಿಗೆ ತೋರಿಸಿದೆ. ಬಾಣದ ಗುರುತಿನ ಗುಂಡಿಗಳು ಅವಳಿಗೆ ಒಗ್ಗಲಿಲ್ಲ, "ನೀನೇ ಆಡು, ನೋಡ್ತೀನಿ" ಎಂದಳು. ಚೌಕಾಬಾರದಲ್ಲಾದರೆ ಎದುರಿಗೊಬ್ಬರು ಕೂತಿರುತ್ತಾರೆ, ಇದರಲ್ಲಿ ಯಾರನ್ನು ಬೈಯುವುದು ಎಂದೂ ಕೇಳಿದಳು. ಬೇರು ಪೈಪು ತಪ್ಪಿಸಿ, ಕೇಬಲ್ಲು ಬಳಸಿ, ಬಾವಿಯ ಕಲ್ಲು ಸುತ್ತಿ ಕೊನೆಗೂ ನೀರು ಮುಟ್ಟಿತು. ತೆರೆಯ ಮೇಲೆ 'ಲೆವೆಲ್ 2' ಎಂದು ಬಂತು. ಅಮ್ಮ ನೋಡುತ್ತಲೇ ಇದ್ದಳು. "ನೀರು ಸಿಕ್ತಾ ಅದಕ್ಕೆ?"

"ಸಿಕ್ತಲ್ಲಮ್ಮ. ಅಗೋ, ಎರಡನೇ ಲೆವೆಲ್."

"ಅದಲ್ಲ ಕಣೋ. ಕುಡೀತಾ?"

ಅಲ್ಲಿ ನನಗೆ ಇನ್ನೊಂದು ನೆನಪಾಯಿತು. ಆದ್ರೆ ಸಾರ್ ಮುಕ್ಕಾಲು ಗಂಟೆಯ ಕೊನೆಯಲ್ಲಿ, ಕುರ್ಚಿಯನ್ನು ವಾಪಸು ಪಕ್ಕದ ಟೇಬಲ್ಲಿಗೆ ಸೇರಿಸುತ್ತಾ, ನಾನು ಕೇಳುವುದನ್ನೇ ಬಿಟ್ಟಿದ್ದಾಗ, ಏನೋ ಒಂದು ಹೇಳಿದ್ದರು. "ನೀರು ಸಿಕ್ಕಿದಾಗ ಏನೂ ಆಗಲ್ಲ ಇವ್ರೇ. ಮೇಲೆ ಮರ ಇದೆಯಲ್ಲ, ಅದಕ್ಕೆ ಗೊತ್ತೇ ಆಗಲ್ಲ." ಮುಕ್ಕಾಲು ಗಂಟೆಯ ಹೊಟ್ಟಿನಲ್ಲಿ ಒಂದೇ ಒಂದು ಕಾಳು, ಅದನ್ನೂ ಹೊಟ್ಟಿನ ಜೊತೆ ತೂರಿಬಿಟ್ಟಿದ್ದೆ.

ಆ ರಾತ್ರಿ ಊಟಕ್ಕೆ ಕೂತಾಗ ಸಾರು ಬಾಯಿಗಿಟ್ಟು ನಾನು, "ಚೆನ್ನಾಗಿದೆ, ಆದ್ರೆ ಹುಳಿ..." ಎಂದೆ. ಹೆಂಡತಿ ಸೌಟನ್ನು ನನ್ನ ತಟ್ಟೆಯ ಪಕ್ಕ ಇಟ್ಟು, "ತಗೊಳಿ, ನಾಳೆಯಿಂದ ನಿಮ್ಮದೇ ಜ್ಯಾಮು" ಎಂದಳು. ಆ ಶಬ್ದ ನನ್ನ ಬಾಯಿಗೆ ಆದ್ರೆ ಸಾರಿನಿಂದ ಅಂಟಿದ್ದಲ್ಲ. ಅವಳ ಪ್ರಕಾರ ಮದುವೆಯಾದ ವಾರದಿಂದಲೂ ಇದೆ.

ಒಂದು ಶನಿವಾರ ಆದ್ರೆ ಸಾರನ್ನು ಹುಡುಕಿಕೊಂಡು ಹೋದೆ. ನೀರು ಸಿಕ್ಕಾಗ ಮೇಲೆ ಮರದಲ್ಲಿ ಒಂದು ಎಲೆ ಚಿಗುರಿಸಿದರೆ ಹೇಗೆ ಎಂದು ಕೇಳಬೇಕಿತ್ತು. ಮನೆಯಲ್ಲಿ ಒಬ್ಬರೇ ಇದ್ದರು. ಕಾಫಿ ತಾವೇ ಮಾಡಿ ಕೊಟ್ಟರು, ಚೆನ್ನಾಗಿತ್ತು, ನಾನು ಮುಂದೆ ಏನೂ ಹೇಳಲಿಲ್ಲ. ಮಾತು ಎಲ್ಲೆಲ್ಲೋ ಹೋಗಿ, "ನೀವೂ ಏನಾದ್ರೂ ಮಾಡಿದ್ದೀರಾ ಸಾರ್?" ಎಂದು ಕೇಳಿಬಿಟ್ಟೆ. ಇದನ್ನು ಕೇಳಬೇಕೆಂದು ಎಷ್ಟು ಜನ ಎಷ್ಟು ವರ್ಷದಿಂದ ಹಲ್ಲು ಕಡಿಯುತ್ತಿದ್ದರೋ. ಅವರು ಸ್ವಲ್ಪ ಹೊತ್ತು ಕನ್ನಡಕ ಒರೆಸಿದರು. ಆಮೇಲೆ ಲ್ಯಾಪ್‌ಟಾಪು ತಂದರು.

ಆಡು ಹುಲಿ ಆಟ. 11 ವರ್ಷದಿಂದ ಮಾಡುತ್ತಿದ್ದಾರಂತೆ. ತುಮಕೂರು ಕಡೆ ಅವರ ಊರಿನ ದೇವಸ್ಥಾನದ ಕಲ್ಲುಹಾಸಿನ ಮೇಲೆ ಯಾರೋ ಯಾವ ಕಾಲದಲ್ಲೋ ಕೊರೆದ ಆಡು ಹುಲಿಯ ಮನೆ ಇದೆ. ಅವರ ತಂದೆ ಅದರ ಮೇಲೆ ಹುಣಿಸೆ ಬೀಜ ಇಟ್ಟು ಇವರಿಗೆ ಆಟ ಕಲಿಸಿದ್ದು. ಆ ಗೆರೆಗಳನ್ನು ಇವರು ಟೇಪು ಹಿಡಿದು ಅಳೆದು ತಂದಿದ್ದಾರೆ, ಒಂದು ಗೆರೆ ಸವೆದು ಸೊಟ್ಟಗಾಗಿದ್ದರೆ ಸೊಟ್ಟಗೇ ಇಟ್ಟಿದ್ದಾರೆ. ಮೊದಲ ಪುಟ ತೆರೆಯಿತು. ಕಲ್ಲಿನ ಮೇಲೆ ಸಂಜೆ ಬಿಸಿಲು ನಿಧಾನವಾಗಿ ಸರಿಯುತ್ತಿತ್ತು. ಸದ್ದು ಹೆಚ್ಚು ಕಡಿಮೆ ಮಾಡುವ ಪಟ್ಟಿಯನ್ನು ಎಳೆದರೆ ದೂರದಲ್ಲಿ ಆಡಿನ ಕೊರಳ ಗಂಟೆ ಹತ್ತಿರ ಬಂದಂತೆ, ದೂರ ಹೋದಂತೆ ಕೇಳುತ್ತಿತ್ತು. ನಾನು ಅಂಥ ಸದ್ದಿನ ಪಟ್ಟಿಯನ್ನು ಯಾವ ಆಟದಲ್ಲೂ ನೋಡಿಲ್ಲ.

'ಆಟ ಶುರು' ಎಂಬ ಗುಂಡಿ ಒತ್ತಿದೆ. ಏನೂ ಆಗಲಿಲ್ಲ. ಮತ್ತೆ ಒತ್ತಿದೆ.

"ಅದಿನ್ನೂ ಮಾಡ್ಬೇಕು" ಎಂದರು.

ಬಿಸಿಲು ಸರಿಯುವುದು ಮೊದಲು ಸರಿಯಿರಲಿಲ್ಲವಂತೆ, ಮೂರು ಸಲ ಮಾಡಿದರು. ಹುಲಿ ನಡೆಯುವ ರೀತಿ ಒಮ್ಮೆ ಮುಗಿದೇ ಹೋಗಿತ್ತು, ಅದು ಹುಲಿಯಂತಿರಲಿಲ್ಲ, ನಾಯಿಯಂತಿತ್ತು, ಅಳಿಸಿದರು. ತಂದೆ ಇರುವಾಗಲೇ ತೋರಿಸಬೇಕೆಂದಿದ್ದರು. ಜ್ಯಾಮಿನಲ್ಲಿ ನಮ್ಮ ಒಂದೂವರೆ ಲೆವೆಲ್ಲಿನ ಮುಂದೆ ಕೂತು ಇವರು ಆಡಿದ ಮಾತುಗಳನ್ನು ಮೊದಲು ಕೇಳಿಸಿಕೊಂಡವರು ನಾವಲ್ಲ ಎಂದು ಗೊತ್ತಾಯಿತು. 11 ವರ್ಷದಿಂದ ರಾತ್ರಿ ರಾತ್ರಿ ಕೇಳಿಸಿಕೊಳ್ಳುತ್ತಿರುವವರು ಒಬ್ಬರಿದ್ದರು. ನಮಗಾದರೂ ಭಾನುವಾರ ಸಂಜೆ ಐದು ಗಂಟೆ ಎಂಬ ಪುಣ್ಯಾತ್ಮ ಬಂದು ಸಾಕು ನಿಲ್ಲಿಸಿ ಎಂದ.

"ಹೇಗಿದೆ?" ಎಂದರು.

"ಚೆನ್ನಾಗಿದೆ ಸಾರ್. ಆದ್ರೆ..." ಎಂದೆ. ಅಭ್ಯಾಸಬಲ. ಆ ಶಬ್ದದ ಮುಂದೆ ನನ್ನ ಬಳಿ ಏನೂ ಇರಲಿಲ್ಲ. ಅವರು ಅಷ್ಟರಲ್ಲಿ ನೋಟ್‌ಬುಕ್ಕು ತೆಗೆದು, ಪೆನ್ನಿನ ಮುಚ್ಚಳ ಬಿಚ್ಚಿ, ಹೊಸ ಹಾಳೆ ತಿರುವಿ, ತಾರೀಖು ಹಾಕಿ, ನನ್ನ ಮುಖ ನೋಡುತ್ತಾ ಕೂತಿದ್ದರು.

"ಆ ಗಂಟೆ ಸದ್ದು ಇನ್ನೊಂದ್ಸಲ ಕೇಳಿಸಿ ಸಾರ್" ಎಂದೆ.

ಅದನ್ನೂ ಬರೆದುಕೊಂಡರು.

ನಾವು ಆಮೇಲೆ ಆ ಎಡಗಡೆಯ ಬಗ್ ತಿದ್ದಲು ಹೋಗಲಿಲ್ಲ, ಮುಟ್ಟಿದರೆ ಇನ್ನೊಂದೇನೋ ಒಡೆಯುತ್ತದೆ. 'ಮಣ್ಣು' ಸರಿಮಾಡಿದೆವು. ಮತ್ತೆ ಹುಡುಗಿ ಆರು ಚಿತ್ರ ಬಿಡಿಸಿದಳು, ಬೇರು ನೀರು ಮುಟ್ಟಿದಾಗ ತೆರೆ ಮೆಲ್ಲನೆ ಮೇಲಕ್ಕೆ ಹೋಗಿ ಮರದ ಕೊಂಬೆಯಲ್ಲಿ ಒಂದು ಎಲೆ ಚಿಗುರುವ ಹಾಗೆ. ಅಮ್ಮನಿಗೆ ತೋರಿಸಿದೆ, "ಹ್ಞೂ, ಈಗ ಸರಿ" ಎಂದು ಒಳಗೆ ಹೋದಳು. ಆದ್ರೆ ಸಾರಿಗೆ ಕಳಿಸಿದೆ. ಅರ್ಧ ಗಂಟೆಯಲ್ಲಿ ಫೋನು ಬಂತು.

"ಎಲೆ ಚೆನ್ನಾಗಿದೆ ಇವ್ರೇ. ಆದ್ರೆ ಇದು ಅರಳಿ ಎಲೆ. ಹೊಂಗೇದು ಹಿಂಗಿರಲ್ಲ, ಒಂದೇ ಕಡ್ಡಿಗೆ ಐದೋ ಏಳೋ ಎಲೆ ಇರುತ್ತೆ."

ಬಾಲ್ಕನಿಗೆ ಹೋಗಿ ನೋಡಿದೆ. ನಮ್ಮ ಬೀದಿಯಲ್ಲಿ ಹೊಂಗೆ ಮರ ಇದೆ. ಅವರು ಹೇಳಿದ್ದು ಸರಿ.

ಆಟ ಈಗಲೂ ಇದೆ, ಪುಕ್ಕಟೆ. ಎಂದಾದರೂ ಕೈಗೆ ಸಿಕ್ಕರೆ ಆಡಿ, ಐದು ನಿಮಿಷದ ಕೆಲಸ. ಎಲ್ಲಿ ಸಿಕ್ಕಿಕೊಂಡಿರಿ, ಎಲ್ಲಿ ಬೇಜಾರಾಯಿತು ಎಂದು ಧಾರಾಳವಾಗಿ ಹೇಳಿ. ಎಡಕ್ಕೆ ಮಾತ್ರ ಹೋಗಬೇಡಿ. ಗೊತ್ತಿದೆ.